ಮೂರು ಕೋಣೆ, ಎರಡು ಕಾರ್ಡು

ಮಂಗಳೂರಿನಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕುಳಿತವರಿಗೆ ಎರ್ಮಾಳ್ ಕಾಣುವುದು ಒಂದೆರಡು ನಿಮಿಷ ಮಾತ್ರ. ಪಡುಬಿದ್ರಿ ದಾಟಿತು ಅನ್ನುವಷ್ಟರಲ್ಲಿ ಎಡಗಡೆ ತೆಂಗಿನ ತೋಟಗಳ ಸಂದಿನಿಂದ ಕಡಲು ಒಮ್ಮೆ ಮಿಂಚಿ ಮಾಯವಾಗುತ್ತದೆ. ಬಲಗಡೆ ಗದ್ದೆಗಳಾಚೆ ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದ ಚಿಮಣಿ ನಿಂತಿರುತ್ತದೆ. ಅಷ್ಟರಲ್ಲಿ ಉಚ್ಚಿಲ ಬಂದೇಬಿಟ್ಟಿತು. ಇಲ್ಲಿ ಇಳಿಯಬೇಕೆಂದಿದ್ದರೆ ಸರ್ವಿಸ್ ಬಸ್ಸನ್ನೇ ಹತ್ತಬೇಕು. ಕಂಡಕ್ಟರನಿಗೆ ‘ತೆಂಕವೋ ಬಡವೋ’ ಎಂಬುದನ್ನೂ ಮೊದಲೇ ಹೇಳಿಡಬೇಕು. ಏಕೆಂದರೆ ಊರು ಎರಡು: ತೆಂಕಣದ್ದು ತೆಂಕ ಎರ್ಮಾಳ್, ಬಡಗಣದ್ದು ಬಡಾ ಎರ್ಮಾಳ್. ನಾಲ್ಕು ಪಥದ ಹೆದ್ದಾರಿ ಬಂದ ಮೇಲೆ ತಪ್ಪಿ ಇಳಿದರೆ ಬಿಸಿಲಿನಲ್ಲಿ ನಡೆಯುವುದಷ್ಟೇ ಅಲ್ಲ, ರಸ್ತೆ ದಾಟುವುದೂ ಒಂದು ಸಾಹಸ.

ಆದರೆ ತುಳುನಾಡಿನ ಪಂಚಾಂಗದಲ್ಲಿ ಈ ಸಣ್ಣ ಊರಿಗೆ ದೊಡ್ಡ ಸ್ಥಾನವಿದೆ. ‘ಎರ್ಮಾಳ್ ಜಪ್ಪು, ಖಂಡೇವು ಅಡೆಪು’ ಎಂದು ತುಳುವಿನಲ್ಲಿ ಒಂದು ಮಾತು. ವರ್ಷದ ಜಾತ್ರೆ, ನೇಮ, ಕೋಲಗಳ ಸರಣಿ ಎರ್ಮಾಳಿನ ಜನಾರ್ದನ ದೇವರ ಜಾತ್ರೆಯಿಂದ ತೊಡಗಿ, ಚೇಳಾಯರು ಖಂಡಿಗೆಯಲ್ಲಿ ನಂದಿನಿ ಹೊಳೆಗೆ ಊರ ಜನವೆಲ್ಲ ಇಳಿದು ಮೀನು ಹಿಡಿಯುವ ಜಾತ್ರೆಯೊಂದಿಗೆ ಮುಚ್ಚುತ್ತದೆ ಎಂದು ಅರ್ಥ. ಬಾಗಿಲು ತೆರೆಯುವವರು ನಾವು, ಮುಚ್ಚುವವರು ಅವರು. ಮುಂಬಯಿಯಲ್ಲಿರುವ ನಮ್ಮವರು ರಜೆ ಹೊಂದಿಸಿಕೊಂಡು ಊರಿಗೆ ಬರುವುದೂ ಈ ಲೆಕ್ಕದಲ್ಲಿಯೇ.

ಈ ಸಲ ಜಾತ್ರೆಗೆ ನನ್ನ ಅಕ್ಕನ ಮಗ ಬಂದಿದ್ದ. ಮುಂಬಯಿಯ ಹೊರವಲಯದಲ್ಲಿ ಒಂದು ಕಂಪೆನಿಯ ಕ್ಯಾಂಟೀನನ್ನು ಗುತ್ತಿಗೆಗೆ ಹಿಡಿದಿದ್ದಾನೆ. ದುಡಿಮೆಗಾರ. ತಲೆಯೂ ಓಡುತ್ತದೆ, ಕೆಲವೊಮ್ಮೆ ಕಾಲಿಗಿಂತ ಮುಂದೆ. ಅವನ ಚೀಲದಲ್ಲಿ ಈ ಸಲ ಎರಡು ಸಂಗತಿಗಳಿದ್ದವು. ಒಂದು, ಅಕ್ಕನ ಹಳೆಯ ಮನೆಯ ಕಡಲ ಬದಿಯ ಮೂರು ಕೋಣೆಗಳನ್ನು ದುರಸ್ತಿ ಮಾಡಿಸಿ ಹೋಂ ಸ್ಟೇ ತೆರೆಯುವ ಅಂದಾಜು ಪಟ್ಟಿ. ಇನ್ನೊಂದು, ಎರಡು ಕ್ರೆಡಿಟ್ ಕಾರ್ಡುಗಳ ಅರ್ಜಿ. ಒಂದು ವ್ಯಾಪಾರಸ್ಥರಿಗೆಂದೇ ಮಾಡಿದ ಬಿಸಿನೆಸ್ ಕಾರ್ಡು. ಖರ್ಚು ಮಾಡಿದಷ್ಟಕ್ಕೆ ರಿವಾರ್ಡ್ ಪಾಯಿಂಟು. ಇನ್ನೊಂದು ಹೋಟೆಲ್ ಕಾರ್ಡು.

“ಮಾವ, ಎರಡರಲ್ಲಿ ಯಾವುದನ್ನು ತೆಗೆದುಕೊಳ್ಳುವುದು? ನೀವು ಲೆಕ್ಕದ ಮೇಷ್ಟ್ರು, ನೋಡಿ ಹೇಳಿ” ಎಂದ. ನಾನು ವಿಜ್ಞಾನದ ಮೇಷ್ಟ್ರು. ಆದರೆ ಲೆಕ್ಕದ ಅಧ್ಯಾಪಕರು ರಜೆ ಹಾಕಿದ ದಿನಗಳಲ್ಲಿ ಅವರ ಪೀರಿಯಡ್ಡನ್ನೂ ತೆಗೆದುಕೊಂಡವನಾದ್ದರಿಂದ ಒಪ್ಪಿಕೊಂಡೆ.

ಹೋಟೆಲ್ ಕಾರ್ಡು ಎಂಬ ಮಾತು ಕಿವಿಗೆ ಬಿದ್ದೊಡನೆ ಒಳಗಿನಿಂದ ಅಕ್ಕ ಕೇಳಿದಳು: “ಅದನ್ನು ತೋರಿಸಿದರೆ ಇಡ್ಲಿ–ಸಾಂಬಾರು ಕೊಡುತ್ತಾರಾ?” ಅವಳ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಡೆ ಹೋಟೆಲು ಎಂದರೆ ತಿನ್ನುವ ಜಾಗ. ಮಲಗುವುದಕ್ಕೆ ಇರುವುದು ಲಾಡ್ಜು. ಉಡುಪಿಯ ಹೆಸರನ್ನು ಊರೂರಿಗೆ ಕೊಂಡೊಯ್ದವರೆಲ್ಲ ಊಟ ಬಡಿಸಿದವರೇ ಹೊರತು ಹಾಸಿಗೆ ಹಾಸಿದವರಲ್ಲ. ಆದರೆ ಕಾರ್ಡಿನವರ ಭಾಷೆಯಲ್ಲಿ ಹೋಟೆಲು ಎಂದರೆ ಬಿಳಿ ಹಾಸಿಗೆ, ಎ.ಸಿ. ಕೋಣೆ, ಬಾಗಿಲಲ್ಲಿ ಸಲಾಮು.

ತಮಾಷೆಯೆಂದರೆ, ಈ ಕಾರ್ಡು ಹುಟ್ಟಿದ್ದೂ ಊಟದ ಮೇಜಿನ ಮೇಲೆಯೇ. ಫ್ರಾಂಕ್ ಮೆಕ್‌ನಮಾರ ಎಂಬಾತ ನ್ಯೂಯಾರ್ಕಿನ ಒಂದು ಉಪಾಹಾರ ಗೃಹದಲ್ಲಿ ಉಂಡು ಎದ್ದಾಗ ಪರ್ಸು ಮನೆಯಲ್ಲೇ ಮರೆತಿದ್ದನಂತೆ. ಆ ಪೇಚಿನಿಂದ ಕಾರ್ಡಿನ ಯೋಚನೆ ಹೊಳೆಯಿತೆಂದು ಕಥೆ ಹೇಳುತ್ತಾರೆ. ಕಥೆ ಎಷ್ಟು ನಿಜವೋ, 1950ರಲ್ಲಿ ಆತ ಡೈನರ್ಸ್ ಕ್ಲಬ್ ಆರಂಭಿಸಿದ್ದಂತೂ ನಿಜ. ಡೈನರ್ಸ್ ಎಂದರೆ ಉಣ್ಣುವವರು ತಾನೇ? ಆಮೇಲೆ 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪೆನಿ ಹಾರಿದ ಮೈಲಿಗೆ ಪಾಯಿಂಟು ಕೊಡುವ ಯೋಜನೆ ತಂದಿತು. 1983ರಲ್ಲಿ ಹಾಲಿಡೇ ಇನ್, ಮ್ಯಾರಿಯಟ್ ಮುಂತಾದ ಹೋಟೆಲುಗಳೂ ಅದೇ ದಾರಿ ಹಿಡಿದವು. ನಮ್ಮ ದೇಶಕ್ಕೆ ಹೋಟೆಲ್ ಹೆಸರಿನ ಕಾರ್ಡು ಬರಲು 2023ರ ಆಗಸ್ಟ್ ಆಗಬೇಕಾಯಿತು. ಎಚ್‌ಡಿಎಫ್‌ಸಿ ಬ್ಯಾಂಕೂ ಮ್ಯಾರಿಯಟ್ಟೂ ಕೂಡಿ ತಂದ ಆ ಕಾರ್ಡು ಬಂದದ್ದು ಅದೇ ಡೈನರ್ಸ್ ಕ್ಲಬ್ಬಿನ ಜಾಲದಲ್ಲಿ. ಊಟದ ಮೇಜಿನಿಂದ ಹೊರಟದ್ದು ಹಾಸಿಗೆಗೆ ಬಂದು ತಲುಪಲು ಎಪ್ಪತ್ತಮೂರು ವರ್ಷ ಹಿಡಿಯಿತು.

ಅಳಿಯನಿಗೆ ಮರುದಿನ ಉಡುಪಿಯಲ್ಲಿ ಹಂಚು–ಪಕಾಸಿನ ವಿಚಾರಣೆ, ಮಣಿಪಾಲದಲ್ಲಿ ಬ್ಯಾಂಕಿನ ಕೆಲಸ ಇತ್ತು. ಭಾನುವಾರವಲ್ಲದಿದ್ದರೂ ನನಗೆ ಸ್ಥಳೀಯ ರಜೆ. “ಬಸ್ಸಿನಲ್ಲಿ ಮಾತಾಡುವ, ಬಾ” ಎಂದು ಅವನ ಜೊತೆ ಹೊರಟೆ.

ಹೊರಡುವ ಮುನ್ನ ಬೆಳಿಗ್ಗೆ ಕಡಲಿನ ಬದಿಗೆ ಒಂದು ಸುತ್ತು ಹೋಗಿ ಬರುವುದು ನನ್ನ ಅಭ್ಯಾಸ. ಎರ್ಮಾಳಿನ ಕಡಲತೀರಕ್ಕೆ ಹೆಸರಿಲ್ಲ. ತೆಂಕಕ್ಕೆ ಪಡುಬಿದ್ರಿಯ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು. ಬಡಗಕ್ಕೆ ಕಾಪುವಿನಲ್ಲಿ 1901ರ ದೀಪಸ್ತಂಭ ಇದೆ, ಸಂಜೆಯಾದರೆ ಜನವೋ ಜನ. ನಡುವೆ ಸಿಕ್ಕಿದ ನಮ್ಮಲ್ಲಿ ಇರುವುದು ಮರಳು, ತೆಂಗು, ದೋಣಿ ಮತ್ತು ಮಳೆಗಾಲದಲ್ಲಿ ಕಡಲ್ಕೊರೆತದ ಭಯ. ಅಳಿಯನ ವಾದವೇ ಅದು: ಅಲ್ಲಿಗೆ ಬಂದು ಗದ್ದಲ ತಾಳದವರು ಇಲ್ಲಿ ಬಂದು ಮಲಗುತ್ತಾರೆ. ಹೊಸದಾಗಿ ಕಟ್ಟಲು ಹೊರಟರೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅಡ್ಡ ಬರುತ್ತವೆ. ಹಳೆಯ ಮನೆಯ ಕೋಣೆಗಳನ್ನೇ ಸರಿಪಡಿಸಿದರೆ ಆಯಿತು ಎಂದು ಅವನ ಲೆಕ್ಕ. ಇಷ್ಟರ ಮಟ್ಟಿಗೆ ಅವನ ಯೋಚನೆ ನನಗೂ ಒಪ್ಪಿಗೆಯೇ.

ದಾರಿಯಲ್ಲಿ ಮೀನು ಮಾರುವ ಹೆಂಗಸು ಸಿಕ್ಕಿದಳು. ಬುಟ್ಟಿಯ ಅಂಚಿಗೆ ಕ್ಯೂಆರ್ ಕೋಡಿನ ಹಾಳೆ ಕಟ್ಟಿಕೊಂಡಿದ್ದಳು. ಬಂಗುಡೆ ತೆಗೆದುಕೊಂಡು ಜೇಬು ಮುಟ್ಟಿದರೆ ಪರ್ಸೂ ಇಲ್ಲ, ಫೋನೂ ಇಲ್ಲ. “ನಾಳೆ ಕೊಡಿ ಮಾಸ್ಟ್ರೇ” ಎಂದಳು. ನ್ಯೂಯಾರ್ಕಿನಲ್ಲಿ ಮೆಕ್‌ನಮಾರನಿಗೆ ಹೀಗೆ ಹೇಳುವವರು ಒಬ್ಬರಿದ್ದಿದ್ದರೆ ಡೈನರ್ಸ್ ಕ್ಲಬ್ಬೇ ಹುಟ್ಟುತ್ತಿರಲಿಲ್ಲವೋ ಏನೋ.

ಅಳಿಯ ಆಗಲೇ ಶುರು ಮಾಡಿದ: “ನೋಡಿ ಮಾವ, ಇವಳಿಗೂ ಕಾರ್ಡಿನಿಂದಲೇ ಕೊಡಬಹುದು, ಪಾಯಿಂಟು ಬರುತ್ತದೆ.” ಅರ್ಧ ಸರಿ. 2022ರಿಂದ ಈಚೆಗೆ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಕ್ಯೂಆರ್ ಮೂಲಕ ಹಣ ಕೊಡಲು ಬರುತ್ತದೆ. ಆದರೆ ಆ ಕ್ಯೂಆರ್ ವ್ಯಾಪಾರಿ ಖಾತೆಯದ್ದಾಗಿರಬೇಕು. ಬುಟ್ಟಿಗೆ ಕಟ್ಟಿದ್ದು ಅವಳ ಸ್ವಂತ ಖಾತೆಯ ಹಾಳೆಯಾಗಿದ್ದರೆ ಕ್ರೆಡಿಟ್ ಕಾರ್ಡಿನ ಹಣ ಅದಕ್ಕೆ ಹೋಗದು. ಮತ್ತು ಕಾರ್ಡು ರುಪೇ ಆಗಿರಲೇಬೇಕು. ಡೈನರ್ಸ್ ಜಾಲದ ಹೋಟೆಲ್ ಕಾರ್ಡನ್ನು ಹಿಡಿದುಕೊಂಡು ಇವಳ ಮುಂದೆ ನಿಂತರೆ ಬಂಗುಡೆಯೂ ಇಲ್ಲ, ಪಾಯಿಂಟೂ ಇಲ್ಲ. ಕಾರ್ಡಿನ ಮೂಲೆಯಲ್ಲಿ ಯಾರ ಹೆಸರಿದೆ ಎಂಬುದನ್ನು ಬಣ್ಣ ನೋಡುವ ಮೊದಲು ನೋಡಬೇಕು.

ಸರ್ವಿಸ್ ಬಸ್ಸಿನಲ್ಲಿ ಸೀಟು ಸಿಕ್ಕಿತು. ಉಚ್ಚಿಲ, ಮೂಳೂರು, ಕಾಪು ಎಂದು ಅದು ನಿಂತು ನಿಂತು ಸಾಗಿತು. ನಾನು ಹಿಂದಿನ ವರ್ಷದ ಡೈರಿಯ ಖಾಲಿ ಹಾಳೆಯಲ್ಲಿ ಬರೆಯತೊಡಗಿದೆ.

ಮೊದಲ ಪ್ರಶ್ನೆ: ನಿನ್ನ ಖರ್ಚು ಎಲ್ಲಿ ಆಗುತ್ತದೆ? ಕ್ಯಾಂಟೀನಿಗೆ ತಿಂಗಳಿಗೆ ಒಂದೂವರೆ ಲಕ್ಷದ ಸಾಮಾನು. ತರಕಾರಿಯವನಿಗೆ ನಗದು, ಅಕ್ಕಿಯ ಸಗಟು ವ್ಯಾಪಾರಿಯಲ್ಲಿ ಹದಿನೈದು ದಿನದ ಸಾಲ, ಹಾಲಿನವನಿಗೆ ತಿಂಗಳ ಲೆಕ್ಕ. ಕಾರ್ಡು ತೆಗೆದುಕೊಳ್ಳುವವರನ್ನು ಮಾತ್ರ ಎಣಿಸಿದರೆ ತಿಂಗಳಿಗೆ ನಲವತ್ತು ಸಾವಿರ, ವರ್ಷಕ್ಕೆ 4,80,000. ‘ವ್ಯಾಪಾರ ಒಂದೂವರೆ ಲಕ್ಷದ್ದು’ ಎಂದುಕೊಂಡು ಪಾಯಿಂಟು ಲೆಕ್ಕ ಹಾಕಿದ್ದ ಅಳಿಯನ ಮುಖ ಇಲ್ಲಿಯೇ ಸ್ವಲ್ಪ ಇಳಿಯಿತು.

ಅವನ ಕೈಯಲ್ಲಿದ್ದ ಬಿಸಿನೆಸ್ ಕಾರ್ಡಿನ ಪಾಯಿಂಟನ್ನು ಹಣಕ್ಕೆ ತಿರುಗಿಸಿದರೆ ಹೆಚ್ಚುಕಮ್ಮಿ ನೂರಕ್ಕೆ ಒಂದು ರೂಪಾಯಿ ಬೀಳುತ್ತಿತ್ತು. ಅಂದರೆ ವರ್ಷಕ್ಕೆ 4,800. ಶುಲ್ಕ ಸಾವಿರ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 1,180. ಉಳಿಯುವುದು 3,620 ರೂಪಾಯಿ. ಸಣ್ಣ ಮೊತ್ತ, ಆದರೆ ಹೇಗೂ ಮಾಡುವ ಖರ್ಚಿಗೆ ಬರುವಂಥದ್ದು.

ಹೋಟೆಲ್ ಕಾರ್ಡಿಗೆ ನಾನು ಮೇಲೆ ಹೇಳಿದ 2023ರ ಕಾರ್ಡನ್ನೇ ಮಾದರಿಯಾಗಿ ಹಿಡಿದೆ. ಬಿಡುಗಡೆಯಾದಾಗಿನ ಷರತ್ತಿನಂತೆ ಅದರ ವಾರ್ಷಿಕ ಶುಲ್ಕ 3,000, ತೆರಿಗೆ ಸೇರಿ 3,540. ಆ ಕಂಪೆನಿಯ ಹೋಟೆಲಿನಲ್ಲಿ ಮಾಡಿದ ಪ್ರತಿ 150 ರೂಪಾಯಿ ಖರ್ಚಿಗೆ ಎಂಟು ಪಾಯಿಂಟು, ಪ್ರಯಾಣ–ಊಟ–ಮನರಂಜನೆಗೆ ನಾಲ್ಕು, ಉಳಿದುದಕ್ಕೆಲ್ಲ ಎರಡು. ಜೊತೆಗೆ 15,000 ಪಾಯಿಂಟಿನ ಒಳಗಿನ ಬೆಲೆಯ ಒಂದು ರಾತ್ರಿಯ ವಾಸ ಉಚಿತ. ಅಳಿಯನ ಅಕ್ಕಿ–ಎಣ್ಣೆ ಬರುವುದು ‘ಉಳಿದುದರ’ ಪಟ್ಟಿಯಲ್ಲಿ. 4,80,000ಕ್ಕೆ 6,400 ಪಾಯಿಂಟು. ಇನ್ನೊಂದು 15,000 ಪಾಯಿಂಟಿನ ರಾತ್ರಿಯನ್ನು ಅಕ್ಕಿ–ಎಣ್ಣೆಯಿಂದಲೇ ಗಳಿಸಬೇಕಾದರೆ ಅವನು 11,25,000 ರೂಪಾಯಿ ಖರ್ಚು ಮಾಡಬೇಕು. ಅದೇ ಹೋಟೆಲುಗಳಲ್ಲೇ ಉಳಿಯುವವನಾದರೆ 2,81,250 ಸಾಕು.

ಇಲ್ಲಿಯೇ ಇರುವುದು ಗುಟ್ಟು. ಹೋಟೆಲ್ ಕಾರ್ಡು ಕೆಟ್ಟದ್ದೇನಲ್ಲ. ಕೆಲಸದ ಮೇಲೆ ತಿಂಗಳಿಗೆರಡು ಬಾರಿ ಅಂಥ ಹೋಟೆಲಿನಲ್ಲಿ ತಂಗುವ ಅಧಿಕಾರಿಗೆ, ಅದರಲ್ಲೂ ಬಿಲ್ಲನ್ನು ಕಂಪೆನಿ ಕೊಡುವುದಾದರೆ, ಅದು ಬಂಗಾರ. ಹಾಗಲ್ಲದವನಿಗೂ ವರ್ಷಕ್ಕೊಂದು ರಾತ್ರಿ ಅಂಥಲ್ಲಿ ಹೇಗೂ ಮಲಗುವುದಿದ್ದರೆ, ಎಂಟೋ ಹತ್ತೋ ಸಾವಿರದ ಕೋಣೆ 3,540ಕ್ಕೆ ದಕ್ಕುತ್ತದೆ. ಆದರೆ ಎರಡನೆಯ ಪ್ರಶ್ನೆಗೆ ಉತ್ತರ ಪ್ರಾಮಾಣಿಕವಾಗಿರಬೇಕು: ನೀನು ರಾತ್ರಿ ಮಲಗುವುದು ಎಲ್ಲಿ?

ಅಳಿಯ ಬೆರಳು ಮಡಚಿ ಎಣಿಸಿದ. ಕಳೆದ ವರ್ಷ ಮನೆಯ ಹೊರಗೆ ಕಳೆದ ರಾತ್ರಿಗಳು ಹದಿನೇಳು. ಊರಿಗೆ ಬಂದುಹೋದ ಮತ್ಸ್ಯಗಂಧ ರೈಲಿನಲ್ಲಿ ನಾಲ್ಕು. ಊರ ಮನೆಯಲ್ಲಿ ಎಂಟು. ಡೊಂಬಿವಿಲಿಯ ಚಿಕ್ಕಮ್ಮನ ಮನೆಯ ಮದುವೆಗೆಂದು ಮೂರು. ಪುಣೆಯಲ್ಲಿ ಟೆಂಡರ್ ಕೆಲಸಕ್ಕೆ ಹೋದಾಗ ಲಾಡ್ಜಿನಲ್ಲಿ ಎರಡು, ರಾತ್ರಿಗೆ ಸಾವಿರದ ನಾನೂರು. ಹದಿನೇಳರಲ್ಲಿ ಹದಿನೈದಕ್ಕೆ ಬಾಡಿಗೆಯೇ ಇಲ್ಲ. ನಮ್ಮ ಜನಕ್ಕೆ ನೆಂಟರಿಲ್ಲದ ಊರು ಕಡಿಮೆ. ಇದ್ದ ಊರಿನಲ್ಲಿ ಲಾಡ್ಜಿಗೆ ಹೋದರೆ ಹತ್ತು ವರ್ಷ ಅದನ್ನೇ ಹೇಳುತ್ತಾರೆ.

ಹಾಗಾದರೆ ಬಿಸಿನೆಸ್ ಕಾರ್ಡೇ ಗೆದ್ದಿತು ಎಂದು ಅವನು ಹಾಳೆ ಮಡಚಲು ಹೊರಟ. ಕಟಪಾಡಿ ಬಂದಿತ್ತು. ಶಂಕರಪುರದ ಮಲ್ಲಿಗೆಯ ಕಟ್ಟುಗಳೊಂದಿಗೆ ಇಬ್ಬರು ಹೆಂಗಸರು ಹತ್ತಿದರು. ಬಸ್ಸಿಡೀ ಘಮ್ಮೆಂದಿತು. ನಾನು “ನಿಲ್ಲು ಮಾರಾಯ, ಮುಖ್ಯದ್ದು ಇನ್ನೂ ಉಂಟು” ಎಂದೆ. ಅವನ ಅಂದಾಜು ಪಟ್ಟಿಯಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಹಿಂದಿನ ರಾತ್ರಿಯೇ ಬಿದ್ದಿತ್ತು. ಮೂರು ಕೋಣೆಗಳ ಮಾಡು, ಎರಡು ಬಚ್ಚಲು, ವೈರಿಂಗ್ ಎಲ್ಲ ಸೇರಿ ಮೂರೂವರೆ ಲಕ್ಷ. ಕೈಯಲ್ಲಿರುವುದು ಎರಡೂವರೆ. ಉಳಿದ ಒಂದು ಲಕ್ಷದ ಮುಂದೆ ‘ಕಾರ್ಡು’ ಎಂದು ಬರೆದಿದ್ದ.

ಅದನ್ನು ಅಲ್ಲಿ ಬಸ್ಸಿನಲ್ಲಿ ಎತ್ತಲಿಲ್ಲ. ಉಡುಪಿಯಲ್ಲಿ ಹಂಚಿನ ಕೆಲಸ ಮುಗಿಸಿ, ರಥಬೀದಿಯ ಬಳಿ ಮಿತ್ರ ಸಮಾಜದಲ್ಲಿ ಗೋಳಿಬಜೆ, ಕಾಫಿ ಮುಂದಿಟ್ಟುಕೊಂಡು ಕುಳಿತ ಮೇಲೆ ಎತ್ತಿದೆ. ಹೊಟ್ಟೆ ತಣ್ಣಗಿದ್ದಾಗ ಹೇಳುವ ಕೆಟ್ಟ ಸುದ್ದಿ ಅಷ್ಟು ಕೆಟ್ಟದೆನಿಸದು.

ಕಾರ್ಡಿಗೂ ಒಂದು ಜಪ್ಪು, ಒಂದು ಅಡೆಪು ಉಂಟು ಎಂದು ವಿವರಿಸಿದೆ. ಬಿಲ್ಲು ತಯಾರಾದ ಮರುದಿನ ಹೊಸ ತಿಂಗಳು ತೆರೆಯುತ್ತದೆ. ಆ ದಿನ ಕೊಂಡದ್ದಕ್ಕೆ ಹಣ ಕಟ್ಟಲು ಸುಮಾರು ಐವತ್ತು ದಿನ ಸಿಗುತ್ತದೆ: ಬಿಲ್ಲಿಗೆ ಒಂದು ತಿಂಗಳು, ಬಿಲ್ಲು ಬಂದ ಮೇಲೆ ಇಪ್ಪತ್ತು ದಿನ. ಬಿಲ್ಲು ಮುಚ್ಚುವ ಹಿಂದಿನ ದಿನ ಕೊಂಡರೆ ಸಿಗುವುದು ಇಪ್ಪತ್ತೇ. ಪೂರ್ತಿ ಕಟ್ಟುವವನಿಗೆ ಬಡ್ಡಿಯಿಲ್ಲ. ಆದರೆ ಒಂದು ಭಾಗ ಉಳಿಸಿಕೊಂಡನೋ, ಆ ಐವತ್ತು ದಿನದ ಸೌಲಭ್ಯವೇ ಹೊರಟುಹೋಗುತ್ತದೆ. ಹೊಸದಾಗಿ ಕೊಂಡ ಅಕ್ಕಿಗೂ ಕೊಂಡ ದಿನದಿಂದಲೇ ಬಡ್ಡಿ ಏರತೊಡಗುತ್ತದೆ. ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ ಇದು.

ಬಡ್ಡಿಯಾದರೂ ಎಷ್ಟು? ಅರ್ಜಿಯ ಹಿಂದುಗಡೆ ಸಣ್ಣಕ್ಷರದಲ್ಲಿ ತಿಂಗಳಿಗೆ 3.75 ಎಂದಿತ್ತು. ವರ್ಷಕ್ಕೆ ಶೇಕಡಾ 45. ಶೇಕಡಾ 30ಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ಅನುಚಿತ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ತಳ್ಳಿಹಾಕಿತು. ಆದ್ದರಿಂದ ಆ ಆಸರೆಯೂ ಇಲ್ಲ. ಒಂದು ಲಕ್ಷ ಬಾಕಿಯಿಟ್ಟರೆ ತಿಂಗಳ ಬಡ್ಡಿ 3,750. ಅದರ ಮೇಲೆ ಜಿಎಸ್‌ಟಿ 675. ಒಟ್ಟು 4,425. ‘ಕನಿಷ್ಠ ಪಾವತಿ’ ಎಂದು ಶೇಕಡಾ ಐದು, ಅಂದರೆ ಐದು ಸಾವಿರ ಕಟ್ಟಿದರೆ ಅಸಲು ಇಳಿಯುವುದು 575 ರೂಪಾಯಿ.

“ಈಗ ಪಾಯಿಂಟಿನ ಲೆಕ್ಕ ಹೇಳು” ಎಂದೆ. ನೂರಕ್ಕೊಂದು ರೂಪಾಯಿಯಂತೆ 4,425 ಗಳಿಸಲು ಎಷ್ಟು ಖರ್ಚು ಮಾಡಬೇಕು? ಅವನೇ ಹೇಳಿದ: ನಾಲ್ಕು ಲಕ್ಷದ ನಲವತ್ತೆರಡು ಸಾವಿರದ ಐನೂರು. ಹೆಚ್ಚುಕಮ್ಮಿ ವರ್ಷವಿಡೀ ಕ್ಯಾಂಟೀನಿಗೆ ಕಾರ್ಡಿನಲ್ಲಿ ಕೊಂಡ ಸಾಮಾನೆಲ್ಲ ಸೇರಿ ತಂದ ಪಾಯಿಂಟನ್ನು ಒಂದೇ ತಿಂಗಳ ಬಡ್ಡಿ ತಿಂದುಹಾಕಿತು. ಮಾಣಿ ಬಂದು ಇನ್ನೇನು ಬೇಕೆಂದು ಕೇಳಿದ. ಅಳಿಯ ಏನೂ ಬೇಡ ಎಂದ. ನಾನು ಇನ್ನೊಂದು ಕಾಫಿ ಹೇಳಿದೆ.

ಎಲ್ಲೂರಿನ ಚಿಮಣಿಯನ್ನು ದಿನವೂ ನೋಡುವ ನನ್ನ ವಿದ್ಯಾರ್ಥಿಗಳಿಗೆ ನಾನು ಒಂದು ಮಾತು ಹೇಳುವುದುಂಟು. ಅಲ್ಲಿ ಉರಿಯುವ ಕಲ್ಲಿದ್ದಲಿನ ಶಾಖದಲ್ಲಿ ವಿದ್ಯುತ್ತಾಗುವುದು ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಅಷ್ಟೇ. ಉಳಿದದ್ದು ನೀರಿಗೆ, ಗಾಳಿಗೆ. ಹಾಕಿದ್ದಕ್ಕಿಂತ ಹೆಚ್ಚು ಕೊಡುವ ಯಂತ್ರವನ್ನು ಇನ್ನೂ ಯಾರೂ ಮಾಡಿಲ್ಲ. ಕಾರ್ಡಿನವರು ಮಾಡಿದ್ದಾರೆಂದು ನಂಬುವುದಾದರೆ ಪಾಯಿಂಟು ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ಒಂದು, ಬಾಕಿಯಿಟ್ಟವರ ಬಡ್ಡಿಯಿಂದ. ಇನ್ನೊಂದು, ಅಂಗಡಿಯವನಿಂದ. ಗಿರಾಕಿ ಕ್ರೆಡಿಟ್ ಕಾರ್ಡು ಉಜ್ಜಿದಾಗ ನೂರಕ್ಕೆ ಸುಮಾರು ಎರಡು ರೂಪಾಯಿ ಅಂಗಡಿಯವನ ಲೆಕ್ಕದಿಂದ ಬ್ಯಾಂಕುಗಳಿಗೂ ಜಾಲಕ್ಕೂ ಹೋಗುತ್ತದೆ. ಅದರಲ್ಲೊಂದು ತುಂಡು ಪಾಯಿಂಟಾಗಿ ಗಿರಾಕಿಗೆ ಮರಳುತ್ತದೆ. ನಾಳೆ ನಮ್ಮ ಮೂರು ಕೋಣೆಗೆ ಬೆಂಗಳೂರಿನವರು ಬಂದು ಕಾರ್ಡು ಉಜ್ಜಿದರೆ ಅವರ ಪಾಯಿಂಟು ಬರುವುದು ಅಳಿಯನ ಗಲ್ಲಾದಿಂದಲೇ.

“ಬಿಸಿನೆಸ್ ಕಾರ್ಡಾದರೆ ಜಿಎಸ್‌ಟಿ ಲೆಕ್ಕಕ್ಕೆ ಅನುಕೂಲವಂತಲ್ಲ?” ಎಂದು ಅವನು ಕೊನೆಯ ಅಸ್ತ್ರ ತೆಗೆದ. ವರ್ಕ್‌ಶಾಪ್ ಇಟ್ಟವನಿಗೆ, ಸಗಟು ವ್ಯಾಪಾರಿಗೆ ಹೌದು. ಆದರೆ ಶೇಕಡಾ ಐದರ ದರದಲ್ಲಿ ಜಿಎಸ್‌ಟಿ ಕಟ್ಟುವ ಊಟದ ವ್ಯವಹಾರಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಅವನಿಗೆ ಸಿಗುವ ಅನುಕೂಲ ಬೇರೆ: ಕ್ಯಾಂಟೀನಿನ ಖರ್ಚು ಒಂದು ಹಾಳೆಯಲ್ಲಿ, ಮನೆಯ ಖರ್ಚು ಇನ್ನೊಂದರಲ್ಲಿ ಬರುತ್ತದೆ. ಅದು ಸಣ್ಣ ಲಾಭವಲ್ಲ. ಆದರೆ ಹೆಸರು ಬಿಸಿನೆಸ್ ಎಂದಿದ್ದರೂ ಒಬ್ಬನೇ ಮಾಲಿಕನ ವ್ಯವಹಾರದಲ್ಲಿ ಸಾಲ ಅವನ ತಲೆಯ ಮೇಲೆಯೇ. ಕ್ಯಾಂಟೀನು ಮುಚ್ಚಿದರೆ ಬ್ಯಾಂಕಿನವರು ಕ್ಯಾಂಟೀನಿನ ಬಾಗಿಲು ಬಡಿಯುವುದಿಲ್ಲ, ಮನೆಯದ್ದು ಬಡಿಯುತ್ತಾರೆ.

ಮಣಿಪಾಲಕ್ಕೆ ಹೊರಟಾಗ ಬಿಸಿಲು ಏರಿತ್ತು. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ಐದು ಕಿಲೋಮೀಟರಿನಷ್ಟು ದಾರಿ ನನ್ನ ಮಟ್ಟಿಗೆ ಬ್ಯಾಂಕುಗಳ ತೀರ್ಥಯಾತ್ರೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕಾಯಿತು. ಮೊದಲ ದಿನದ ಸಂಜೆ ಅದರ ಪೆಟ್ಟಿಗೆಯಲ್ಲಿ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಈ ಅಂಕಿಯನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟಿದ್ದರಲ್ಲ ಎಂಬುದಕ್ಕಾಗಿ. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಕೆನರಾ ಬ್ಯಾಂಕಿನ ಮೂಲ ಸಂಸ್ಥೆ ಹುಟ್ಟಿತು. 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ ಕಟ್ಟಿದ್ದು ಸಿಂಡಿಕೇಟ್ ಬ್ಯಾಂಕು. ಬಂಡವಾಳ ಎಂಟು ಸಾವಿರ, ಉದ್ದೇಶ ಕೈಮಗ್ಗದ ನೇಕಾರರಿಗೆ ಆಸರೆ. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋದವು. ಮಣಿಪಾಲದಲ್ಲಿ ಹಳೆಯ ಹೆಸರನ್ನು ಈಗಲೂ ಬಾಯಿ ತಪ್ಪಿ ಹೇಳುವವರು ನಾನೊಬ್ಬನೇ ಅಲ್ಲ.

ಸಿಂಡಿಕೇಟಿನವರು 1928ರಲ್ಲಿ ತಂದ ಪಿಗ್ಮಿಯ ಕಥೆ ಅಳಿಯನಿಗೆ ಗೊತ್ತಿರಲಿಲ್ಲ. ಬ್ಯಾಂಕಿನ ಪರವಾಗಿ ಒಬ್ಬ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಪುಸ್ತಕದಲ್ಲಿ ಬರೆದು ಹೋಗುವುದು. ನನ್ನ ಕಾಲಕ್ಕೆ ಎರಡಾಣೆ ಒಂದು ರೂಪಾಯಿಯಾಗಿತ್ತು. ಸಂಜೆ ಸೈಕಲ್ ಬೆಲ್ ಕೇಳಿದರೆ ಅಮ್ಮ ಅಕ್ಕಿ ಡಬ್ಬಿಯಿಂದ ನಾಣ್ಯ ತೆಗೆಯುತ್ತಿದ್ದಳು. ನನ್ನ ಬಿ.ಎಡ್. ಫೀಸು ಕಟ್ಟಿದ್ದು ಆ ಡಬ್ಬಿ. ಅಂದು ಬ್ಯಾಂಕಿನವರು ಮನೆಗೆ ಬಂದದ್ದು ಉಳಿಸು ಎನ್ನಲು, ಇಂದು ಫೋನಿನಲ್ಲಿ ಬರುವುದು ಖರ್ಚು ಮಾಡು ಎನ್ನಲು. ಇದನ್ನು ಹೇಳಿದರೆ ಅಳಿಯ “ಮಾವ, ಆ ಕಾಲದಲ್ಲಿ ಬಚ್ಚಲಿಗೆ ಟೈಲ್ಸ್ ಇರಲಿಲ್ಲ” ಎಂದ. ಅದೂ ಸರಿಯೇ.

ಮಣಿಪಾಲದ ಬ್ಯಾಂಕಿನಲ್ಲಿ ಅರ್ಧ ತಾಸು ಕಾಯಬೇಕಾಯಿತು. ಆಗ ಅವನು ಸಣ್ಣ ದನಿಯಲ್ಲಿ ಹೇಳಿದ: “ಹೋಟೆಲ್ ಕಾರ್ಡು ನನಗಾಗಿ ಅಲ್ಲ ಮಾವ. ಆ ಒಂದು ರಾತ್ರಿ ಪುಕ್ಕಟೆ ಉಂಟಲ್ಲ, ಅಮ್ಮನನ್ನು ಕರೆದುಕೊಂಡು ಹೋಗುವ ಎಂದು.”

ನಾನು ಮಾತಾಡಲಿಲ್ಲ. ಅವನ ಅಪ್ಪ, ನನ್ನ ಭಾವ, ಹನ್ನೆರಡನೆಯ ವಯಸ್ಸಿಗೆ ಎರ್ಮಾಳಿನಿಂದ ಮುಂಬಯಿಗೆ ಹೋದವರು. ಹಗಲು ಹೋಟೆಲಿನಲ್ಲಿ ಮೇಜು ಒರೆಸುವುದು, ಸಂಜೆ ಕನ್ನಡದ ರಾತ್ರಿಶಾಲೆ, ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳನ್ನು ಎರಡೆರಡಾಗಿ ಜೋಡಿಸಿ ಮಲಗುವುದು. ನಮ್ಮ ಕಡೆಯ ಎಷ್ಟೋ ಮಂದಿಯ ಕಥೆ ಇದೇ. ಕ್ಯಾಶಿಯರ್ ಆಗಿ ಮದುವೆಯಾದ ಮೇಲೂ ಕೋಣೆ ಸಿಗುವ ತನಕ ಅಲ್ಲೇ ಮಲಗಿದ್ದರು. ಅಕ್ಕ ಇಲ್ಲಿ, ಅವರು ಅಲ್ಲಿ. ಅವರು ತೀರಿಕೊಂಡು ಆರು ವರ್ಷವಾಯಿತು. ಈ ಲೆಕ್ಕವನ್ನು ಡೈರಿಯ ಹಾಳೆಯಲ್ಲಿ ಯಾವ ಸಾಲಿನಲ್ಲಿ ಬರೆಯುವುದೆಂದು ನನಗೆ ತೋಚಲಿಲ್ಲ. ಮ್ಯಾನೇಜರು ಒಳಗೆ ಕರೆದರು, ಅಷ್ಟಕ್ಕೆ ಬಚಾವಾದೆ.

ಸಂಜೆ ಎರ್ಮಾಳಿಗೆ ಮರಳಿ ಜಗಲಿಯಲ್ಲಿ ಕುಳಿತಾಗ ಅವನು ತಾಯಿಗೇ ನೇರ ಹೇಳಿಬಿಟ್ಟ. ಅಕ್ಕ ಬಂಗುಡೆ ಹುರಿಯುತ್ತಿದ್ದವಳು ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದಳು. “ನಿನ್ನ ಅಪ್ಪ ಹದಿನಾರು ವರ್ಷ ಹೋಟೆಲಿನಲ್ಲಿ ಪುಕ್ಕಟೆ ಮಲಗಿದ್ದಾರೆ, ಯಾವ ಕಾರ್ಡೂ ಇಲ್ಲದೆ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಅಲ್ಲಿ ಬೆಳಿಗ್ಗೆ ಎಷ್ಟು ಗಂಟೆಗೆ ಎಬ್ಬಿಸುತ್ತಾರೆ?” ಎಂದು ಕೇಳಿದಳು. ಯಾರೂ ಎಬ್ಬಿಸುವುದಿಲ್ಲ, ಬೇಕಾದಾಗ ಎದ್ದರಾಯಿತು ಎಂದಾಗ ಅವಳಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.

ಆ ರಾತ್ರಿಯೇ ನಿರ್ಧಾರವಾಯಿತು. ಅಕ್ಕನೇ ತನ್ನ ನಾಲ್ಕು ಬಳೆ ತಂದು ಮುಂದಿಟ್ಟಳು. ಕೊರತೆಯ ಒಂದು ಲಕ್ಷಕ್ಕೆ ಊರ ಸಹಕಾರಿ ಸಂಘದಲ್ಲಿ ಚಿನ್ನದ ಮೇಲೆ ಸಾಲ. ಅದರ ಬಡ್ಡಿ ಕಾರ್ಡಿನ ಬಡ್ಡಿಯ ಮೂರನೆಯ ಒಂದು ಪಾಲೂ ಇಲ್ಲ. ಚಿನ್ನ ಹೋದೀತೆಂಬ ಭಯ ಇದೆ, ಇಲ್ಲವೆನ್ನಲಾರೆ. ಆದರೆ ಆ ಭಯ ಕಣ್ಣೆದುರಿಗೆ ಇರುತ್ತದೆ, ಸಣ್ಣಕ್ಷರದಲ್ಲಿ ಅಡಗಿರುವುದಿಲ್ಲ. ಬಿಸಿನೆಸ್ ಕಾರ್ಡು ತೆಗೆದುಕೊಳ್ಳುವುದು, ಅದೂ ರುಪೇ ಜಾಲದ್ದೇ ಆಗಬೇಕು. ಮಿತಿ ಅರವತ್ತು ಸಾವಿರಕ್ಕೆ ಸಾಕೆಂದು ಬರೆದುಕೊಡುವುದು. ಪೂರ್ತಿ ಬಿಲ್ಲನ್ನು ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬ್ಯಾಂಕಿಗೆ ಸೂಚನೆ ಕೊಡುವುದು. ‘ಕನಿಷ್ಠ ಪಾವತಿ’ ಎಂಬ ಚೌಕಕ್ಕೆ ಗುರುತು ಹಾಕಬಾರದೆಂದು ನಾನು ಎರಡು ಸಲ ಹೇಳಿದೆ, ಅವನು ಒಂದೇ ಸಲ ತಲೆಯಾಡಿಸಿದ. ಬೇಡವೆನಿಸಿದರೆ ಕಾರ್ಡು ಮುಚ್ಚಿಸುವುದಕ್ಕೂ ದಾರಿಯಿದೆ: ಬಾಕಿಯಿಲ್ಲದ ಕಾರ್ಡನ್ನು ಕೇಳಿದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ ಐನೂರು ರೂಪಾಯಿ ದಂಡ ಗ್ರಾಹಕನಿಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿದೆ.

ಮಾಡಿನ ಕೆಲಸ ಶುರುವಾಗಿದೆ. ಹಳೆಯ ಹಂಚುಗಳನ್ನು ಇಳಿಸಿ, ಒಡೆಯದವನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ಮೂರು ಕೋಣೆಗಳಲ್ಲಿ ಪಡುವಣದ್ದಕ್ಕೆ ಕಡಲಿನ ಗಾಳಿ ನೇರ ಬರುತ್ತದೆ. ಅಳಿಯ ಮುಂಬಯಿಗೆ ಹೊರಡುವಾಗ ಮೊದಲು ಅದೇ ಸಿದ್ಧವಾಗಲಿ ಎಂದು ಆಚಾರಿಗೆ ಹೇಳಿ ಹೋಗಿದ್ದಾನೆ. ಅದರಲ್ಲಿ ಮೊದಲ ರಾತ್ರಿ ಮಲಗುವುದು ಅಮ್ಮ, ಆಮೇಲೆ ಗಿರಾಕಿಗಳು ಎಂದು ಅವನ ಅಪ್ಪಣೆ. ಹೋಟೆಲ್ ಕಾರ್ಡಿನ ಅರ್ಜಿಯನ್ನು ಅವನು ಹರಿದುಹಾಕಿದ ಎಂದುಕೊಂಡಿದ್ದೆ. ಮೊನ್ನೆ ತಿಥಿ ನೋಡಲೆಂದು ಗೋಡೆಯ ಕ್ಯಾಲೆಂಡರ್ ಎತ್ತಿದಾಗ ಹಿಂದಿನಿಂದ ಅದು ಜಾರಿ ಬಿತ್ತು. ನಾಲ್ಕು ಮಡಿಕೆ ಮಾಡಿ ಅಕ್ಕನೇ ಸಿಕ್ಕಿಸಿಟ್ಟಿದ್ದಳು. ನಾನು ಮೊದಲಿದ್ದಂತೆಯೇ ಸಿಕ್ಕಿಸಿ ಬಂದೆ.